ಟಾರಿನ ಮೇಲೆ ಒಕ್ಕಿದ ರಾಗಿ

ಮಾರೇನಹಳ್ಳಿಯ ನಮ್ಮ ಮನೆಯ ಮಹಡಿಯಲ್ಲಿ ಆ ಭಾನುವಾರ ಮೂವರಿದ್ದೆವು: ಲಗ್ಗೆರೆಯಿಂದ ಬಂದಿದ್ದ ಅಕ್ಕ, ಭಾವ, ಮತ್ತು ನಾನು. ನಡುವೆ ಹಳೇ ಪೇಪರಿನ ಮೇಲೆ ಅವರೆಕಾಯಿಯ ಗುಡ್ಡೆ. ಕಾಯಿ ಸುಲಿಯುವಾಗ ಕೈಗೆ ಕೆಲಸ, ಬಾಯಿಗೆ ಬಿಡುವು. ಹಾಗಾಗಿ ನಮ್ಮಲ್ಲಿ ಉಪದೇಶಗಳೆಲ್ಲ ಹುಟ್ಟುವುದು ಚಳಿಗಾಲದಲ್ಲೇ. ಅಂದಿನ ಸರದಿ ಭಾವನದು. ಬದುಕಿಡೀ ಬಸ್ಸು ಓಡಿಸಿ, ಒಂದು ನಾಯಿಮರಿಗೂ ತಗುಲಿಸದೆ ನಿವೃತ್ತರಾದವರು. ಆಮೇಲೂ ಸುಮ್ಮನೆ ಕೂರಲಾರದೆ ಶಾಲೆ ಮಕ್ಕಳ ವ್ಯಾನು ಓಡಿಸುತ್ತಿದ್ದರು.

“ಮಂಜಲ್ಲಿ ದೊಡ್ಡ ಲೈಟು ಹಾಕ್ಬಾರ್ದು ಕಣೋ ರಾಜು. ಬೆಳಕೆಲ್ಲ ವಾಪಸ್ ನಮ್ ಕಣ್ಣಿಗೇ ಹೊಡಿಯುತ್ತೆ. ಡಿಮ್ ಹಾಕು. ಎಷ್ಟು ದೂರ ಕಾಣುತ್ತೋ ಅಷ್ಟರೊಳಗೆ ನಿಲ್ಸೋ ಹಂಗೆ ಹೋಗು. ಮುಂದಿನವನ ಬೆನ್ನಿಗೆ ಅಂಟ್ಕೋಬೇಡ.”

“ಮದುವೆಯಾದಾಗಿಂದ ಇದೇ ಹರಿಕಥೆ,” ಎಂದಳು ಅಕ್ಕ. “ಸ್ನಾನದ ಮನೆಗೆ ತಿರುಗೋವಾಗ್ಲೂ ಇಂಡಿಕೇಟರ್ ಹಾಕ್ತಾರೆ.”

“ನಗು, ನಗು. ಇವೆಲ್ಲ ನಮ್ ಕೈಲಿರೋದು. ಕೆಂಗೇರಿ ಆಚೆ ರಸ್ತೆ ಮೇಲೆ ತೆನೆಹುಲ್ಲು ಹರಡ್ತಾರಲ್ಲ, ಗಾಡಿ ಓಡಾಡಿ ಕಾಳು ಉದುರ್ಲಿ ಅಂತ, ಅದಕ್ಕೇನ್ ಮಾಡ್ತೀಯ? ಇಬ್ಬನಿ ಬಿದ್ರೆ ಸೋಪಿನಂಗೆ ಜಾರುತ್ತೆ. ಅವರ್ನ ಹಿಡ್ಕೊಂಡು ಒದೀಬೇಕು.”

“ಹೌದು ಭಾವ, ಬುದ್ಧಿ ಇಲ್ಲ ಆ ಜನಕ್ಕೆ,” ಎಂದೆ ನಾನು. ಅಕ್ಕ ಒಮ್ಮೆ ನನ್ನ ಮುಖ ನೋಡಿ, ಮತ್ತೆ ಕಾಯಿಗೆ ತಿರುಗಿದಳು.

ಆ ಜನ ಯಾರೆಂದು ನಿಮಗೆ ಹೇಳಿಬಿಡುತ್ತೇನೆ: ನಾನು.

ಕೆಂಗೇರಿಯಾಚೆ ನಮಗೆ ಉಳಿದಿರುವುದು ಒಂದೇ ಎಕರೆ. ಮಿಕ್ಕಿದ್ದೆಲ್ಲ ಬಡಾವಣೆಯಾಯಿತು. ಮನೆಗಳನ್ನು ಬಾಡಿಗೆಗೆ ಕೊಟ್ಟು ಬದುಕುವ ನಾನು, ವರ್ಷಕ್ಕೊಮ್ಮೆ ಅಲ್ಲಿ ರಾಗಿ ಬೆಳೆದು, ಮಣ್ಣಿನ ಮಗನೆಂದು ಎದೆಯುಬ್ಬಿಸುತ್ತೇನೆ. ಆದರೆ ಮಣ್ಣಿನ ಮಗನಿಗೆ ಒಕ್ಕಲು ಕಣ ಬೇಕಲ್ಲ? ಅಜ್ಜನ ಕಾಲದಲ್ಲಿತ್ತು. ನೆಲಕ್ಕೆ ಸಗಣಿ ಸಾರಿಸಿ, ನಡುವೆ ಮೇಟಿಕಂಬ ನೆಟ್ಟು ಪೂಜಿಸಿ, ಆಮೇಲೆ ಎತ್ತು ಕಟ್ಟಿ ತೆನೆಯ ಮೇಲೆ ಕಲ್ಲಿನ ಗುಂಡು ಎಳೆಸುತ್ತಿದ್ದರು. ಚಪ್ಪಲಿ ಮೆಟ್ಟಿ ಕಣದ ಅಂಚಿಗೆ ಬಂದರೂ ಸಾಕು, “ಅನ್ನದ ಮೇಲೆ ಕಾಲಿಡ್ತೀಯೇನ್ಲಾ?” ಎಂದು ಅಜ್ಜ ಕೋಲೆತ್ತುತ್ತಿದ್ದ. ಆ ಕಣದ ಮೇಲೆ ಈಗ ಮೂರಂತಸ್ತಿನ ಕಟ್ಟಡ. ಕೆಳಗೆ ಟೈರಿನ ಅಂಗಡಿ. ನಮ್ಮ ರಾಗಿ ಟಾರು ರಸ್ತೆಗೆ ಬಂತು. ಚಪ್ಪಲಿ ಸೋಕಬಾರದಿದ್ದ ಧಾನ್ಯದ ಮೇಲೆ ಸಿಮೆಂಟಿನ ಲಾರಿ, ಕಸದ ಆಟೋ ಎಲ್ಲ ಹಾದುಹೋಗುತ್ತವೆ. ಕಲ್ಲುಮಣ್ಣು ಸೇರುತ್ತದೆ, ನಿಜ. ಆದರೆ ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ರಸ್ತೆಯ ರುಚಿ ಯಾರಿಗೂ ಗೊತ್ತಾಗುವುದಿಲ್ಲ. ಭಾವನಿಗಂತೂ, ಮಿಷನ್ ತರಿಸಿ ಒಕ್ಕಿಸುತ್ತೇನೆಂದೇ ಹೇಳಿಕೊಂಡು ಬಂದಿದ್ದೆ. ನಿಜ ಗೊತ್ತಿದ್ದದ್ದು ಅಕ್ಕನಿಗೆ ಮಾತ್ರ.

ಆ ಭಾನುವಾರ ಕಳೆದು ವಾರದೊಳಗೇ ತೆನೆಯನ್ನು ರಸ್ತೆಯ ತಿರುವಿನಲ್ಲಿ ಹರಡಿದೆ. ಗಾಡಿಗಳು ಅಲ್ಲಿ ನಿಧಾನಿಸುವುದರಿಂದ ಕಾಳು ಚೆನ್ನಾಗಿ ಬಿಡುತ್ತದೆ ಎಂಬುದು ನನ್ನ ಇಂಜಿನಿಯರಿಂಗು. ಕತ್ತಲಾಗುವ ಮೊದಲೇ ತೆಗೆಯುತ್ತೇನೆಂದು ಅಕ್ಕನಿಗೆ ಫೋನಿನಲ್ಲಿ ಹೇಳಿದ್ದೆ. ಆದರೆ ಸೋಮಾರಿತನದಿಂದ, ಬೆಳಿಗ್ಗೆ ಇನ್ನೆರಡು ಲಾರಿ ಹೋಗಲಿ ಎಂದು ಹಾಗೇ ಬಿಟ್ಟೆ.

ಬೆಳಿಗ್ಗೆ ಹೊಲದ ಬದುವಿನಲ್ಲಿ ನಿಂತಿದ್ದೆ. ಎದುರಿನ ಮರವೂ ಕಾಣದಷ್ಟು ಮಂಜು. ಅಕ್ಕ ಕಟ್ಟಿಕೊಟ್ಟ ಅವರೆಕಾಳಿನ ಉಪ್ಪಿಟ್ಟಿನ ಡಬ್ಬಿ ಹಿಡಿದು, ನನಗೂ ಹೇಳದೆ, ಭಾವ ಸ್ಕೂಟರಿನಲ್ಲಿ ಬರುತ್ತಿದ್ದರು. ಮೊದಲು ಕಂಡದ್ದು ಡಿಮ್ ಲೈಟು. ಮನುಷ್ಯ ನಡೆಯುವಷ್ಟೇ ವೇಗ. ತಾವು ನನಗೆ ಹೇಳಿದ್ದನ್ನೆಲ್ಲ ಪಾಲಿಸುತ್ತಲೇ ಬಂದರು. “ಭಾವಾ, ನಿಲ್ಸೀ!” ಎಂದು ನಾನು ಕೂಗುವಷ್ಟರಲ್ಲಿ ಆ ಬೆಳಕು ಪಕ್ಕಕ್ಕೆ ಮಲಗಿತು.

ಓಡಿದೆ. ಅವರ ಎಡಗಾಲಿನ ಮೇಲೆ ಸ್ಕೂಟರು ಬಿದ್ದಿತ್ತು. “ಯಾವನೋ ಇದನ್ನ ಇಲ್ಲಿ ಹಾಕಿರೋನು?” ಎಂದರು ಹಲ್ಲು ಕಚ್ಚಿಕೊಂಡು. ನನ್ನ ಕೈಯಲ್ಲಿನ್ನೂ ಹುಲ್ಲು ಹರಡುವ ಕವೆಗೋಲಿತ್ತು. ಅದನ್ನು ನೋಡಿದರು. “ಗಾಡಿ ಎತ್ತೋ ರಾಜು,” ಎಂದರು.

ಪಾದದ ಕೀಲು ಮುರಿದಿತ್ತು. ಎಡಗಾಲೆಂದರೆ ಕ್ಲಚ್ಚು, ಕ್ಲಚ್ಚೆಂದರೆ ವ್ಯಾನು. ಇನ್ನು ಓಡಿಸುವಂತಿಲ್ಲ ಎಂದರು ಡಾಕ್ಟರು. ವ್ಯಾನಿಗೆ ಬೇರೊಬ್ಬರು ಬಂದರು.

ಈಗಲೂ ಚಳಿಗಾಲ ಬಂದರೆ ಫೋನಿಗೆ ಎಚ್ಚರಿಕೆಯ ಮಾತುಗಳು ಬರುತ್ತವೆ: ಲೈಟು ತಗ್ಗಿಸಿ, ಗಾಜು ಒರೆಸಿ, ಅಂತರ ಕಾಪಾಡಿ. ಎಲ್ಲವೂ ಓಡಿಸುವವನಿಗೆ. ರಸ್ತೆಯಲ್ಲಿ ಹುಲ್ಲು ಹರಡಿ ಬದಿಗೆ ನಿಂತವನಿಗೆ ಯಾರೂ ಒಂದು ಸಾಲು ಬರೆಯುವುದಿಲ್ಲ. ಎಂಥ ಮಂಜಿನಲ್ಲೂ ಜಾರುವ ಜಾಗ ಸ್ಪಷ್ಟವಾಗಿ ಗೊತ್ತಿರುವುದು ಅವನೊಬ್ಬನಿಗೇ.

ಶಿವರಾತ್ರಿ ಕಳೆದ ಮೇಲೆ ಲಗ್ಗೆರೆಗೆ ಹೋಗಿದ್ದೆ. ಭಾವ ಕೋಲೂರಿಕೊಂಡು ಊಟಕ್ಕೆ ಬಂದು ನನ್ನ ಪಕ್ಕದಲ್ಲೇ ಕುಳಿತರು. ಅಕ್ಕ ಅಂದು ಮುದ್ದೆ ಮಾಡದೆ ಅದೇ ರಾಗಿಯ ರೊಟ್ಟಿ ತಟ್ಟಿದ್ದಳು. ಎರಡನೇ ತುತ್ತಿಗೆ ಭಾವನ ಬಾಯಲ್ಲಿ ಕಟಕ್ಕೆಂದಿತು. ಸಾಸಿವೆ ಗಾತ್ರದ ಕಪ್ಪು ಹರಳನ್ನು ಬೆರಳಿನಿಂದ ತೆಗೆದು, ಬೆಳಕಿಗೆ ಹಿಡಿದು ನೋಡಿ, ನನ್ನ ತಟ್ಟೆಯ ಅಂಚಿಗೆ ಇಟ್ಟರು.

“ಇನ್ನೊಂದ್ ಚೂರು ಚಟ್ನಿ ಹಾಕೇ,” ಎಂದರು ಅಕ್ಕನಿಗೆ.