ಕುಂತ ಎತ್ತು

ನಾವು ಕನ್ನೊಳ್ಳಿಯ ಶಾಲೆಯಲ್ಲಿ ಓದುತ್ತಿದ್ದ ಕಾಲಕ್ಕೆ ಇಂಗ್ಲಿಷ್ ಎಂದರೆ ಗೈಡು, ಗೈಡು ಎಂದರೆ ಇಂಗ್ಲಿಷು. ಮುಂಗಾರು ಶುರುವಾಗಿ, ಹಸಿ ಎರೆಮಣ್ಣಿನ ವಾಸನೆ ಕ್ಲಾಸಿನೊಳಗೂ ಬರುತ್ತಿತ್ತು. ಮುದ್ದೇಬಿಹಾಳದಿಂದ ಹೊಸದಾಗಿ ಬಂದಿದ್ದ ಮಾಸ್ತರರು ಬೋರ್ಡಿನ ಮೇಲೆ ‘ಬ್ರೇಕ್ ದ ಮೋಲ್ಡ್’, ಅಂದರೆ ಅಚ್ಚು ಮುರಿ, ಎಂದು ಬರೆದು, ಇದಕ್ಕೆ ಸ್ವಂತ ವಾಕ್ಯ ಬರೆದುಕೊಂಡು ಬನ್ನಿ ಎಂದರು. ಮರುದಿನ ಒಬ್ಬೊಬ್ಬರೇ ಎದ್ದು ಓದಿದೆವು. ಎಲ್ಲರ ವಾಕ್ಯದಲ್ಲೂ ಒಬ್ಬಳೇ ಹುಡುಗಿ, ಅವಳು ಪೈಲಟ್ ಆಗಿದ್ದಳು.

“ಎಲ್ಲಾರ ಮನ್ಯಾಗೂ ಪೈಲಟ್ ಅದಾರೇನ್ರಲೇ?” ಎಂದರು ಮಾಸ್ತರರು. “ಮಂದಿ ಮಾಡಿದ್ದ ಮಾಡೂದು ಬಿಟ್ಟು ತಾನ ಒಂದು ಹೊಸಾದು ಮಾಡಿದ್ರ ಹಂಗ ಅಂತಾರ. ಅದನ್ನೂ ಗೈಡ್ ನೋಡಿ ಬರದ್ರ ಏನ್ ಹೇಳೂದು? ವಾಕ್ಯ ಬ್ಯಾಡ. ನಿಮ್ಮ ತಲಿ ಓಡಿಸಿ ಒಂದು ಕೆಲಸ ಮಾಡಿ ಬಂದು ಹೇಳ್ರಿ.”

ಮರುದಿನ ಮಣ್ಣೆತ್ತಿನ ಅಮಾವಾಸ್ಯೆ. ಒಳಗೆ ಅವ್ವ ಕಡಬು ಕರಿಯುತ್ತಿದ್ದಳು. ಅಪ್ಪನ ತಾಯಿ, ನಮ್ಮ ಆಯಿ, ಕಟ್ಟೆಯ ಮೇಲೆ ಕೂತು ಮಣ್ಣಿಗೆ ಹತ್ತಿ ಸೇರಿಸಿ ನಾದಿ ಎತ್ತು ಮಾಡುತ್ತಿದ್ದಳು. ನಾನೂ ಒಂದು ಮುದ್ದೆ ತೆಗೆದುಕೊಂಡು, ಕಾಲು ಮಡಚಿ ಕುಂತ ಎತ್ತು ಮಾಡಿದೆ. ಕಣ್ಣಿಗೆ ಗುಲಗಂಜಿ ಒತ್ತಿ, ಮೆಲುಕು ಹಾಕುವಂತೆ ಬಾಯಿ ತುಸು ಸೊಟ್ಟ ಮಾಡಿದೆ. ಅದು ನನ್ನ ಕೈಯಿಂದಲೇ ಬಂತೆಂದು ಹಿಗ್ಗೋ ಹಿಗ್ಗು.

ಆಯಿ ನೋಡಿ ಸಿಡುಕಿದಳು. “ಬಿತ್ತೂ ಹೊತ್ತಿನ್ಯಾಗ ಎತ್ತು ಕುಂತ್ರ ಕೂರಗಿ ನೀ ಎಳೀತಿ ಏನು? ಇದನ್ನ ಪೂಜಾಕ್ಕ ಇಡಂಗಿಲ್ಲ.”

ಇಡದಿದ್ದರೆ ಉಣ್ಣುವುದಿಲ್ಲ ಎಂದು ಹಟ ಹಿಡಿದೆ. “ಇರ್ಲಿ ಬಿಡಬೇ, ಹುಡುಗಿ ಆಸೇಲೆ ಮಾಡೇತಿ” ಎಂದು ಅಪ್ಪ ನಡುವೆ ಬಂದ. ಆಯಿ ಗೊಣಗುತ್ತ, ನಿಂತ ಎತ್ತುಗಳ ಹಿಂದೆ ಕಾಣದ ಹಾಗೆ ಇಟ್ಟಳು. ಅವತ್ತು ಒಂದೇ ಕಡಬು ತಿಂದು ಎದ್ದೆ.

ಅಮಾವಾಸ್ಯೆಯ ಮರುದಿನ ಮಕ್ಕಳು ಮಣ್ಣಿನ ಎತ್ತೊಂದರ ಕಾಲು ಮುರಿದು, ಕುಂಟೆತ್ತು ಬಂದಿದೆ ಎಂದು ಕೂಗುತ್ತ ಮನೆಮನೆಗೆ ಹೋಗಿ ಜೋಳ ಕೇಳುವುದು ನಮ್ಮ ಕಡೆಯ ರೂಢಿ. ಚಿಕ್ಕಪ್ಪನ ಮಗ ಶಿವು ಸೀದಾ ನನ್ನ ಎತ್ತಿಗೇ ಕೈಹಾಕಿದ.

“ಇದನ್ನ ಒಯ್ಯೂಣು. ಹೆಂಗೂ ಏಳಂಗಿಲ್ಲ.”

ಅವನ ಬೆರಳು ಅದರ ಕಾಲಿನ ಮೇಲಿತ್ತು. ನಾನು ಬಿಕ್ಕಿ ಅಳತೊಡಗಿದೆ.

“ಕೆಳಗ ಇಡಲೇ!” ಅಡುಗೆಮನೆಯಿಂದ ಆಯಿ ಬಂದಳು. “ಅದು ಕುಂಟಲ್ಲ. ದಣದೈತಿ, ಕುಂತೈತಿ.” ತಾನು ಮಾಡಿದ ನಿಂತ ಎತ್ತನ್ನು ತೆಗೆದುಕೊಂಡು, ತಾನೇ ಕಾಲು ಮುರಿದು ಶಿವುವಿನ ಕೈಗಿಟ್ಟಳು.

ಮಾಸ್ತರರಿಗೆ ಇದನ್ನೆಲ್ಲ ಹೇಳಿದಾಗ ಅವರು, “ನಿಮ್ಮ ಆಯಿ ನಿನಗಿಂತ ಜೋರದಾಳ ಬಿಡವಾ” ಎಂದು ನಕ್ಕರು.

ಈಗ ನಾನೇ ಸಿಂದಗಿಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಸ್ವಂತ ವಾಕ್ಯ ಬರೆಯಿರಿ ಎಂದರೆ ಮಕ್ಕಳು ಫೋನಿನಲ್ಲಿ ನೋಡಿ ಬರೆಯುತ್ತಾರೆ. ಬೈಯಲು ನನಗೆ ಯಾವ ಬಾಯಿ? ಈ ಸಲದ ಅಮಾವಾಸ್ಯೆಗೆ ಬಜಾರಿಗೆ ಹೋದರೆ, ಅಚ್ಚಿನಿಂದ ತೆಗೆದ ಬಣ್ಣದ ಎತ್ತುಗಳು ಸಾಲಾಗಿ ನಿಂತಿದ್ದವು.

“ಕುಂತದ್ದು ಐತೇನಪಾ?”

“ಅಂಥಾದ್ದು ಯಾರ ತಗೋತಾರ್ರಿ ಅಕ್ಕಾರ?”

ಮಗಳಿಗೆ ನಾನೇ ಮಾಡಿ ತೋರಿಸುತ್ತೇನೆಂದು ಮನೆಯಲ್ಲಿ ಮಣ್ಣು ನಾದಿದೆ. ಕಾಲು ಮಡಚಿದರೆ ಬಿರುಕು ಬಿಡುತ್ತಿತ್ತು. ಮೂರನೆಯ ಸಲಕ್ಕೆ ಕಿತ್ತೇ ಬಂತು.

“ಮಮ್ಮಿ, ಇದು ಕುಂಟ ಐತಿ” ಎಂದು ಮಗಳು ನಕ್ಕಳು.

‘ಅಲ್ಲ, ದಣಿದಿದೆ’ ಎನ್ನಲು ಮನೆಯಲ್ಲಿ ಈಗ ಆಯಿ ಇರಲಿಲ್ಲ.