ಪರೀಕ್ಷಿಸದ ಬಲಗಿವಿ

ಬಾವಲಿ ಊರಿನ ಮಾದಮ್ಮಕ್ಕನ ಬಲಗಿವಿಯನ್ನು ಕೆಡಿಸಿದವಳು ನಾನು. ದಾಖಲೆಯಲ್ಲಿ ‘ವಯಸ್ಸಿನಿಂದ’ ಎಂದಿದೆ. ಹಾಗೆ ಬರೆದವಳೂ ನಾನೇ.

ಆಗ ನಾವು, ಕಿವಿ ಪರೀಕ್ಷೆಯ ಕಚೇರಿಯವರು, ಕಿವಿ ಮಂದವಾದವರ ಮಾಹಿತಿಯನ್ನು ಊರೂರಿನಿಂದ ಒಟ್ಟುಮಾಡುತ್ತಿದ್ದೆವು. ಒಬ್ಬೊಬ್ಬರ ಕಿವಿಗೆ ಎಷ್ಟು ಕೇಳುತ್ತದೆಂಬ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿದರೆ, ಅಂಥದೇ ಬೇರೆ ಕಿವಿಗಳ ಜೊತೆ ಹೋಲಿಸಿ ಅವರವರಿಗೆ ತಕ್ಕ ಚಿಕಿತ್ಸೆ, ಅವರವರ ಕಿವಿಗೇ ಹೊಂದಿಸಿದ ಶ್ರವಣಯಂತ್ರ. ಒಳ್ಳೆಯ ಕೆಲಸವೇ. ಗಡಿಯಾಚೆ, ಮಲಯಾಳ ಸೀಮೆಯ ಕಾಟ್ಟಿಕುಳಂನ ಶಿಬಿರದಲ್ಲಿ ಪರೀಕ್ಷೆ ಮಾಡುವವಳು ನಾನು. ಕನ್ನಡ ಬರುತ್ತದೆಂದು ಕಾಡಂಚಿನವರನ್ನೆಲ್ಲ ನನ್ನ ಹತ್ತಿರವೇ ಕಳಿಸುತ್ತಿದ್ದರು. ನಮ್ಮ ಮನೆಯವರು ಗದ್ದೆ, ಕಾಫಿತೋಟ ಇದ್ದವರು — ಇವರ ಕನ್ನಡವೂ ನನ್ನದೂ ಒಂದೇ ಎಂದು ಯಾರಾದರೂ ಅಂದರೆ ಮೈ ಉರಿಯುತ್ತಿತ್ತು.

ಮಾದಮ್ಮಕ್ಕನ ಎಡಗಿವಿ ಚಿಕ್ಕಂದಿನಲ್ಲೇ ಕೀವು ಸೋರಿ ಹೋಗಿತ್ತು. ಬಲಗಿವಿ ಮಾತ್ರ ಇಡೀ ಕೇರಿಗೆ ಬೇಕಾದದ್ದು. ಸೌದೆಗೆ ಹೋಗುವ ಹೆಂಗಸರ ಮುಂದೆ ಅವಳೇ ನಡೆಯಬೇಕು; ಆನೆ ಬಿದಿರು ಮುರಿಯುವ ಸದ್ದು ಮೊದಲು ಅವಳಿಗೇ ಸಿಗುತ್ತಿತ್ತು. ಸದ್ದು ಕೇಳಿದರೆ ಅವಳು ಕದಲುವುದಿಲ್ಲ, ಅದು ಏನೆಂದು ಖಾತ್ರಿಯಾಗುವ ತನಕ. ಪರೀಕ್ಷೆಯಲ್ಲೂ ಹಾಗೇ ಮಾಡಿದಳು. ಕೇಳಿದ ಕೂಡಲೇ ಗುಂಡಿ ಒತ್ತು ಎಂದರೆ ಉಸಿರು ಬಿಗಿಹಿಡಿದು ಕೂತು, ಸದ್ದು ನಿಂತ ಮೇಲೆ ಒತ್ತುತ್ತಿದ್ದಳು. ಎಡಗಿವಿಗೇ ಅರ್ಧ ಗಂಟೆ ಹೋಯಿತು. ಹೊರಗೆ ಸಾಲು ಬೆಳೆಯುತ್ತಿತ್ತು. ಕಾಡಿನ ಬುದ್ಧಿ ಎಂದು ಅವಳೆದುರೇ ಅಂದೆ. ಅವಳು ನಕ್ಕಳು — ಆ ನಗು ನನ್ನ ಪಿತ್ತ ಕೆರಳಿಸಿತು. ಎಡಗಿವಿಯ ಅಂಕಿಗಳನ್ನೇ ಬಲಕ್ಕೂ ಇಳಿಸಿ, ಕಾರಣದ ಜಾಗದಲ್ಲಿ ವಯಸ್ಸು ಎಂದು ಬರೆದು, ಎದ್ದೇಳು ಎಂದೆ.

ಯಂತ್ರಗಳು ಬಂದವು, ಎರಡೂ ಆ ಕೆಪ್ಪುಕಿವಿಯ ಲೆಕ್ಕಕ್ಕೇ ಹೊಂದಿಸಿದವು. ವಾರದೊಳಗೆ ಬಲಗಿವಿ ಹಿಡಿದುಕೊಂಡು ಬಂದಳು. ನನ್ನನ್ನು ಮಲಯಾಳದವರ ಹಾಗೆ ‘ಮೋಳೇ’, ಮಗಳೇ, ಎಂದೇ ಕರೆಯುತ್ತಿದ್ದಳು.

“ಮೋಳೇ, ಇದು ಹಾಕ್ಕೊಂಡ್ರೆ ಕೋಳಿ ಕೂಗಿದ್ರೂ ತಲೆ ಸಿಡೀತದೆ. ತೆಗೆದಿಡ್ಲಾ?”

ತೆಗೆದರೆ ಮತ್ತೆ ಪರೀಕ್ಷೆ. ಮತ್ತೆ ಪರೀಕ್ಷೆಯೆಂದರೆ ನನ್ನ ಕಳ್ಳತನ ಬಯಲು — ಅಷ್ಟು ಜೋರು ಸದ್ದು ಒಳ್ಳೆಯ ಕಿವಿಗೆ ಏನು ಮಾಡುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

“ತೆಗೀಬೇಡ. ನಿನ್ನ ಕಿವಿಗೆ ಅಂತಲೇ ಮಾಡಿದ್ದು. ಬೆಳಗಿಂದ ಸಂಜೆ ತನಕ ಹಾಕ್ಕೊಂಡೇ ಇರು.”

ಹೇಳಿದ ಹಾಗೇ ಒಂದೂವರೆ ವರ್ಷ ಹಾಕಿಕೊಂಡಳು. ಮರುಪರೀಕ್ಷೆಗೆ ಬಂದಾಗ ಬಲಗಿವಿಯನ್ನು ಮೊದಲ ಸಲ ಸರಿಯಾಗಿ ನೋಡಿದೆ. ನಾನು ಬರೆದಿದ್ದ ಸುಳ್ಳು ಅಂಕಿಗಳು ನಿಜವಾಗಿದ್ದವು. ಆಗ ನನಗೆ ಆದದ್ದು — ಹೇಳಲು ಈಗಲೂ ನಾಚಿಕೆ — ನೆಮ್ಮದಿ. ಇನ್ನು ಸಿಕ್ಕಿಬೀಳುವುದಿಲ್ಲವಲ್ಲ ಎಂದು.

ಈಗ ಹೆಂಗಸರು ಅವಳನ್ನು ನಡುವೆ ಹಾಕಿಕೊಂಡು, ಕೈ ಹಿಡಿದು ನಡೆಸುತ್ತಾರೆ. ಅವಳ ಅಂಕಿಗಳು ಆ ಸಂಗ್ರಹದಲ್ಲಿ ಇನ್ನೂ ಇವೆ. ಬೇರೆ ಯಾರದೋ ಚಿಕಿತ್ಸೆ ನಿರ್ಧರಿಸುವಾಗ ಅವನ್ನೂ ನೋಡುತ್ತಾರೆ, ನಂಬುತ್ತಾರೆ.

ಹೋದ ತಿಂಗಳು ಅವಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳ ಮಗಳು ಹೊರಗೆ ಹೋಗುವ ತನಕ ಕಾದು, ಮೆಲ್ಲನೆ ಹೇಳಿದೆ — ತಾಯಿಗೆ ಕೇಳುವುದಿಲ್ಲವೆಂಬ ಧೈರ್ಯದಿಂದ. ಮಾದಮ್ಮಕ್ಕ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ತಲೆಯಾಡಿಸಿ, ಒಳಗೆ ಹೋಗಿ ಬೆಲ್ಲದ ಕಾಪಿ ತಂದುಕೊಟ್ಟಳು. ಕುಡಿದೆ.

ಒಪ್ಪಿಕೊಂಡಾಯಿತು ಎಂದು ಒಂದು ತಿಂಗಳು ಸುಖವಾಗಿ ನಿದ್ದೆಯನ್ನೂ ಮಾಡಿದೆ. ಇದನ್ನು ಮಲಯಾಳದಲ್ಲೂ ಬರೆದಿದ್ದೇನೆ — ಕಚೇರಿಯವರಿಗೂ ಅವಳ ಮಗಳಿಗೂ ಓದಲು ಬರುವುದು ಅದೇ. ಒಂದು ಪ್ರತಿ ಕಚೇರಿಗೆ ಹೋಗಿದೆ. ಇನ್ನೊಂದನ್ನು ನಾಳೆ ಅವಳ ಮಗಳ ಕೈಗೆ ನಾನೇ ಕೊಟ್ಟು, ಅವಳು ಓದಿ ಮುಗಿಸುವ ತನಕ ಅಂಗಳದಲ್ಲಿ ನಿಂತಿರುತ್ತೇನೆ.