ಗಸಿಯ ಪಾಲು

...ಅವ್ವ ಬೆಣ್ಣೆ ಕಾಯಿಸಿದ ದಿನ ತಳದ ಗಸಿಗೆ ಸಕ್ಕರೆ ಬೆರೆಸಿ ಅಕ್ಕನಿಗೂ ನನಗೂ ಸಮಪಾಲು ಹಂಚುತ್ತಿದ್ದಳು ಎಂದು ಹೇಳುತ್ತ ಬಂದಿದ್ದೇನಲ್ಲ, ಅದು ನಿಜವಾಗಿ ನಡೆದದ್ದೇ, ಅಥವಾ ಹೇಳಿ ಹೇಳಿ ಹದಕ್ಕೆ ಬಂದದ್ದೇ? ಕಾಯ್ದ ಬೆಣ್ಣೆಯ ಪರಿಮಳಕ್ಕೆ ಬಾಲ್ಯವೇ ಎದ್ದು ಬಂತೆಂದು ಬರೆಯುವವರನ್ನು ಕಂಡರೆ, ಓದುಗ ಮಿತ್ರರೇ, ನನಗೆ ಮೊದಲಿನಿಂದಲೂ ತಾತ್ಸಾರ. ನನ್ನ ಅಡುಗೆಮನೆಯಲ್ಲಿ ಎದ್ದದ್ದು ಹೊಗೆ ಮಾತ್ರ.

ಹಾಸನದಲ್ಲಿ ಈಗ ಓವನ್ ಇಲ್ಲದ ಮನೆಯೂ, ಫ್ರೆಂಚ್ ಹೆಸರಿಗೆ ಹೊರಳದ ನಾಲಿಗೆಯೂ ಅಪರೂಪ. ಫಿನಾನ್ಸಿಯೇ ಎಂಬುದು ಬಾದಾಮಿ ಪುಡಿ, ಮೊಟ್ಟೆಯ ಬಿಳಿ, ಕಂದು ಬಣ್ಣಕ್ಕೆ ತಿರುಗುವವರೆಗೆ ಕಾಯಿಸಿದ ಬೆಣ್ಣೆ ಸೇರಿಸಿ ಚಿನ್ನದ ಗಟ್ಟಿಯ ಆಕಾರದಲ್ಲಿ ಬೇಯಿಸುವ ಪುಟ್ಟ ಕೇಕು. ಟೀ ಜೊತೆ ಎರಡೇ ತುತ್ತಿಗೆ ಮುಗಿಯುವ ಈ ಪದಾರ್ಥದ ಮೇಲೆ ಅಡುಗೆ ವಿಡಿಯೋದ ಮಹಾಶಯನೊಬ್ಬ ವೇದಾಂತಿಯಂತೆ ಪ್ರವಚನ ಕೊಟ್ಟಿದ್ದ. ಅವನ ಶಿಷ್ಯಕೋಟಿಯಲ್ಲಿ ನಾನೂ ಒಬ್ಬ. ಅಚ್ಚು ಸಿಗದೆ ಇಡ್ಲಿ ತಟ್ಟೆಗೇ ಜಿಡ್ಡು ಸವರಿ, ನಮ್ಮ ಕಡೆಯ ಚಿನ್ನ ದುಂಡಗಿರುತ್ತದೆಂದು ಸಮಾಧಾನಪಟ್ಟುಕೊಂಡೆ.

ಶಾಂತಿಗ್ರಾಮದಿಂದ ಅಕ್ಕ ಬಂದಿದ್ದಳು. ಕಳೆದ ಹಬ್ಬದಲ್ಲಿ ನಾನು ಸಮಪಾಲಿನ ಕಥೆಯನ್ನು ನೆಂಟರೆದುರು ಹೇಳಿದಾಗ ಅವಳು ಊಟದ ಎಲೆ ಬಿಟ್ಟು ಎದ್ದುಹೋಗಿದ್ದಳು. ಅವಳ ಪ್ರಕಾರ ಗಸಿ ಗಂಡುಮಗನದು. ಅವಳಿಗೆ ಸಿಕ್ಕದ್ದು ಜಿಡ್ಡು ಪಾತ್ರೆ ಉಜ್ಜುವ ಕೆಲಸ. ಒಂದು ಕೇಕಿನಿಂದ ಅಕ್ಕನನ್ನು ಒಲಿಸಿ, ತೀರಿಹೋದ ಅವ್ವನನ್ನು ನಿರಪರಾಧಿಯಾಗಿಸುವುದು ನನ್ನ ಘನ ಯೋಜನೆ.

ಒಲೆಯ ಮೇಲೆ ಬೆಣ್ಣೆ ಇಟ್ಟು, ಬಾದಾಮಿ ಪುಡಿ ಜರಡಿ ಹಿಡಿಯಲು ನಾನು ಆ ಕಡೆ ತಿರುಗಿದ್ದೇ ತಡ, "ಅಯ್ಯೋ, ಸೀದೋಯ್ತಾ ಐತೆ ಕಣ್ಲಾ!" ಎಂದು ಅಕ್ಕ ಒಲೆ ಆರಿಸಿ, ಬೆಣ್ಣೆಗೆ ವೀಳ್ಯದೆಲೆ ಹರಿದು ಹಾಕಿ, ಟೀ ಜಾಲರಿಯಲ್ಲಿ ಸೋಸಿಯೇಬಿಟ್ಟಳು.

"ಆ ಕಂದು ಗಸೀಲೇ ರುಚಿ ಇರೋದು ಅಕ್ಕ! ಫ್ರಾನ್ಸಿನವರು ಅದಕ್ಕೇ ಪ್ರಾಣ ಬಿಡ್ತಾರೆ."

"ಬಿಡ್ಲಿ ಬಿಡು." ಗಸಿಯನ್ನು ತಟ್ಟೆಗೆ ಬಡಿದು, ಮೇಲೆ ಸಕ್ಕರೆ ಉದುರಿಸಿ, ನನ್ನತ್ತ ತಳ್ಳಿದಳು. "ತಗಾ, ನಿನ್ ಪಾಲು. ಯಾವತ್ತೂ ನಿಂದೇ ಅಲ್ವಾ."

ಅದು ಚುಚ್ಚುಮಾತೋ, ಅವಳ ಕೈಗೆ ಅಂಟಿದ ಹಳೆಯ ಅಭ್ಯಾಸವೋ ತಿಳಿಯಲಿಲ್ಲ. ಸೋಸಿದ ಬೆಣ್ಣೆಯ ಜೊತೆಗೆ ಆ ತಟ್ಟೆಯನ್ನೂ ಹಾಗೆಯೇ ಕೇಕಿನ ಹಿಟ್ಟಿಗೆ ಬಗ್ಗಿಸಿ ಕಲಸಿದೆ.

ಬೆಂದ ಕೇಕನ್ನು ಅಕ್ಕ ಮುರಿದು, ಒಳಗಿನ ಕಂದು ಚುಕ್ಕೆಗಳನ್ನು ದಿಟ್ಟಿಸಿ, ತಿಂದು, ಇನ್ನೊಂದನ್ನು ಎತ್ತಿಕೊಂಡಳು.

"ಅವ್ವ ಕೊಡ್ತಿದ್ದದ್ದೂ ಹೀಗೇ ಇತ್ತಲ್ವಾ?" ಎಂದೆ, ಗೆದ್ದವನ ಧಾಟಿಯಲ್ಲಿ.

"ನಂಗೇನ್ ಗೊತ್ತಲಾ? ತಿಂದೋನು ನೀನು, ನೀನೇ ಯೋಳು."

ಹೇಳಲು ಬಾಯಿ ತೆರೆದೆ. ಸಕ್ಕರೆ ಉದುರಿಸಿದ ತಟ್ಟೆ ನೆನಪಿದೆ, ಅದರ ಮೇಲೆ ನನ್ನ ಕೈ ನೆನಪಿದೆ. ಪಕ್ಕದಲ್ಲಿ ಇನ್ನೊಂದು ಕೈ ಇತ್ತೇ, ನನಗೆ ಗೊತ್ತಿಲ್ಲ.